ಮುಚ್ಚಿದ ಸಿಲಿಂಡರಿನ ಚರಿತ್ರೆ

ಬೀದರ್ ನಗರ ಎತ್ತರದ ಕೆಮ್ಮಣ್ಣಿನ ಹಾಸಿನ ಮೇಲೆ ಕೂತಿದೆ. ಅಲ್ಲಿಂದ ಔರಾದಿನ ದಾರಿ ಹಿಡಿದರೆ ರಸ್ತೆ ಆ ಹಾಸಿನ ಅಂಚಿನಿಂದ ಕೆಳಗಿಳಿಯುತ್ತದೆ. ಜನವಾಡ ಬಿಟ್ಟ ಮೇಲೆ ಕೌಠಾದ ಹತ್ತಿರ ಮಾಂಜ್ರಾ ನದಿಯನ್ನು ದಾಟಿ ಕರಿಮಣ್ಣಿನ ಬಯಲಿಗೆ ಸೇರುತ್ತದೆ. ಕಳೆದ ಮಳೆಗಾಲದ ಒಂದು ಸಂಜೆ ನನ್ನ ಸೋದರಮಾವನ ಕಾರಿನಲ್ಲಿ ಆ ಇಳಿಜಾರು ಇಳಿಯುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಆಯಿ, ಅಂದರೆ ನನ್ನ ಅಜ್ಜಿ, ಡಯಾಲಿಸಿಸ್ ಮುಗಿಸಿಕೊಂಡು ಕಣ್ಣು ಮುಚ್ಚಿ ಒರಗಿದ್ದಳು. ಇಳಿಜಾರಿನುದ್ದಕ್ಕೂ ಮಾಮಾ ಎಕ್ಸಿಲೇಟರ್ ಮೇಲಿನ ಕಾಲು ತೆಗೆದಿದ್ದರು. ಬಯಲು ಬಂದು ಮತ್ತೆ ಕಾಲಿಟ್ಟ ಕೂಡಲೇ ಕಾರಿನ ಹಿಂದೆ ನೀಲಿ ಹೊಗೆಯ ದೊಡ್ಡದೊಂದು ಮೋಡ ಎದ್ದಿತು. ಹಿಂದೆ ಬರುತ್ತಿದ್ದ ಬೈಕಿನವನು ಮೂಗು ಮುಚ್ಚಿಕೊಂಡು ನಮ್ಮನ್ನು ದಾಟಿ ಹೋದ.

"ನೀ ಹಳಿ ಮೋಟಾರಿನ ಮ್ಯಾಲೇ ಓದ್ಲತಿ ಅಲ್ಲ, ಇದರ ರೋಗ ಏನಂತ ಹೇಳು ನೋಡಮ್" ಅಂದರು ಮಾಮಾ.

ಅವರು ತಮಾಷೆಗೆ ಹೇಳಿದ್ದಲ್ಲ. ಆ ಕಾರನ್ನು ಅವರು ಕೊಂಡದ್ದು ಒಂದು ವರ್ಷದ ಸೋಯಾ ಮತ್ತು ತೊಗರಿಯ ದುಡ್ಡಿನಲ್ಲಿ. ಮೂರು ಸಿಲಿಂಡರಿನ ಹಳೆಯ ಪೆಟ್ರೋಲ್ ಕಾರು. ವಾರಕ್ಕೆ ಎರಡು ಸಲ ಆಯಿಯನ್ನು ಔರಾದಿನಿಂದ ಬೀದರಿಗೆ, ಸುಮಾರು 40 ಕಿಲೋಮೀಟರು, ಕರೆದೊಯ್ಯಬೇಕು. ಔರಾದ್ ಪಟ್ಟಣಕ್ಕೆ ಇಂದಿಗೂ ರೈಲಿಲ್ಲ. ಚಿಕಿತ್ಸೆ ಮುಗಿದು ಸುಸ್ತಾದ ಮುದುಕಿಯನ್ನು ಸಂಜೆಯ ತುಂಬಿದ ಬಸ್ಸಿನಲ್ಲಿ ನಿಲ್ಲಿಸಿಕೊಂಡು ಬರುವುದು ಆಗದ ಮಾತು. ಬೀದರಿನ ಒಂದು ಗ್ಯಾರೇಜಿನವರು ಆಗಲೇ ಕಾರು ನೋಡಿ "ಇಂಜಿನ್ ಹೋಗ್ಯಾದ, ಹಾಫ್ ಇಂಜಿನ್ ಮಾಡಬೇಕು" ಎಂದು 22 ಸಾವಿರ ರೂಪಾಯಿ ಕೇಳಿದ್ದರು. ಅಷ್ಟು ದುಡ್ಡು ಮಾಮಾನ ಬಳಿ ಇರಲಿಲ್ಲ. ಕಾರು ಮಾರಿಬಿಡಬೇಕೋ ಸಾಲ ಮಾಡಬೇಕೋ ಎಂಬುದು ಅವರ ಪ್ರಶ್ನೆಯಾಗಿತ್ತು.

ನನ್ನ ಪಿಎಚ್‌ಡಿ ವಿಷಯ ಬೀದರ್ ಸೀಮೆಯ ಮೋಟಾರು ಸಾರಿಗೆಯ ಚರಿತ್ರೆ. ಆದರೆ ಹೊಗೆ ನೋಡಿ ಏನನ್ನೂ ಹೇಳಲಾರದೆ ನಾನು ಸುಮ್ಮನೆ ಕೂತಿದ್ದೆ.

ನನಗೆ ಗೊತ್ತಿದ್ದದ್ದು ಬೇರೆ ಸಂಗತಿಗಳು. 1932ರ ಜೂನಿನಲ್ಲಿ ನಿಜಾಮ್ ಸಂಸ್ಥಾನದ ರೈಲ್ವೆಯು ತನ್ನದೇ ರಸ್ತೆ ಸಾರಿಗೆ ಇಲಾಖೆಯನ್ನು ಶುರು ಮಾಡಿತು. ಆರಂಭದಲ್ಲಿ ಅದರ ಬಳಿ ಇದ್ದದ್ದು 27 ಬಸ್ಸುಗಳು, 166 ನೌಕರರು. ಆ ಕಾಲದ ಒಂದು ಆಲ್ಬಿಯನ್ ಬಸ್ಸನ್ನು ಹೈದರಾಬಾದಿನ ಬಸ್ ಭವನದಲ್ಲಿ ಇಂದಿಗೂ ಇಟ್ಟಿದ್ದಾರೆ. 1951ರ ನವೆಂಬರ್ 1ರಂದು ಆ ಇಲಾಖೆ ರೈಲ್ವೆಯ ಕೈಯಿಂದ ಹೈದರಾಬಾದ್ ಸರ್ಕಾರದ ಕೈಗೆ ಬಂತು. ಸರಿಯಾಗಿ ಐದು ವರ್ಷಕ್ಕೆ, 1956ರ ನವೆಂಬರ್ 1ರಂದು, ಬೀದರ್ ಜಿಲ್ಲೆಯೇ ಮೂರು ಪಾಲಾಯಿತು. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಮೈಸೂರಿಗೆ ಬಂದವು. ಉದಗೀರ, ನಿಲಂಗಾ, ಅಹಮದಪುರ ಮುಂಬೈ ರಾಜ್ಯಕ್ಕೆ ಹೋದವು. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ ಸೇರಿದವು. ಆಮೇಲೆ ಮೈಸೂರಿನ ಸಾರಿಗೆ ನಿಗಮ, ಕರ್ನಾಟಕದ ನಿಗಮ, 2000ದಲ್ಲಿ ಈಶಾನ್ಯ ನಿಗಮ, 2021ರಲ್ಲಿ ಕಲ್ಯಾಣ ಕರ್ನಾಟಕ ನಿಗಮ. ಒಂದೇ ಬಸ್ ನಿಲ್ದಾಣದ ಬೋರ್ಡಿನ ಮೇಲೆ ಒಂದು ಜೀವಮಾನದಲ್ಲಿ ಇಷ್ಟು ಹೆಸರು ಬದಲಾದವು.

ಇಷ್ಟೆಲ್ಲ ಗೊತ್ತಿದ್ದರೂ ನನ್ನ ಕೆಲಸ ಎರಡು ವರ್ಷದಿಂದ ಒಂದೇ ಕಡೆ ನಿಂತಿತ್ತು. 27 ಬಸ್ಸಿಗೆ 166 ಜನ ಎಂದರೆ ಬಸ್ಸೊಂದಕ್ಕೆ ಆರು ಜನ. ಡ್ರೈವರು, ಕಂಡಕ್ಟರು, ಗುಮಾಸ್ತರನ್ನು ಕಳೆದ ಮೇಲೆ ಉಳಿಯುವವರಲ್ಲಿ ಇಂಜಿನ್ನು ಬಿಚ್ಚಿ ಕಟ್ಟುವವರು ಇದ್ದೇ ಇರಬೇಕು. ಅವರು ಯಾರು? ಎಲ್ಲಿ ಕಲಿತರು? ನಾನು ನೋಡಿದ ಕಾಗದಗಳಲ್ಲಿ ಮಾರ್ಗಗಳಿದ್ದವು, ಗಳಿಕೆಯಿತ್ತು, ಅಧಿಕಾರಿಗಳಿದ್ದರು. ಮಿಸ್ತ್ರಿ ಮಾತ್ರ ಎಲ್ಲೂ ಇರಲಿಲ್ಲ. ದಾಖಲೆಗಳು ಅವರ ಬಗ್ಗೆ ಮೌನವಾಗಿವೆ ಎಂದು ಒಂದು ಅಧ್ಯಾಯ ಬರೆದು ಮುಗಿಸುವ ಯೋಚನೆಯಲ್ಲಿದ್ದೆ.

ಮಾಮಾನ ಕಾರಿನ ನೆವದಲ್ಲಿ ನೌಬಾದಿನ ಕಡೆಯ ಒಬ್ಬ ಹಳೆಯ ಮಿಸ್ತ್ರಿಯ ಬಳಿ ಹೋದೆ. ಎಪ್ಪತ್ತು ದಾಟಿದ ಅವರನ್ನು ಎಲ್ಲರೂ ಚಾಚಾ ಎನ್ನುತ್ತಾರೆ. 'ಮಿಸ್ತ್ರಿ' ಎಂಬ ಪದವೇ ದೂರದಿಂದ ಬಂದದ್ದು, ಅದರ ಬೇರು ಪೋರ್ಚುಗೀಸ್ ಭಾಷೆಯ 'ಮೆಸ್ತ್ರೆ', ಗುರು ಎಂಬ ಅರ್ಥದ್ದು. ಚಾಚಾನ ಗ್ಯಾರೇಜಿನ ಭಾಷೆಯೂ ಹಾಗೇ ಬೆರಕೆ. ದಖನಿ, ಕನ್ನಡ, ಮರಾಠಿ ಮೂರರಲ್ಲೂ ಇಂಜಿನ್ನಿನ ರೋಗಗಳಿಗೆ ಹೆಸರುಗಳಿವೆ. ಇಂಜಿನ್ನು ಆಯಿಲ್ ಸುಟ್ಟರೆ ಅದು 'ಎಣ್ಣಿ ಕುಡಿಲತದ'. ಉರಿಯ ಗಾಳಿ ಪಿಸ್ಟನ್ ಪಕ್ಕದಿಂದ ನುಸುಳಿ ಕೆಳಗಿನ ಆಯಿಲ್ ತೊಟ್ಟಿಗೆ ಇಳಿದು, ಆಯಿಲ್ ಹಾಕುವ ಮುಚ್ಚಳದಿಂದ ಭುಸುಗುಟ್ಟಿದರೆ ಅದು 'ಬ್ಯಾಕ್ ಕಂಪ್ರೆಷನ್'. ಪಿಸ್ಟನ್, ರಿಂಗು, ಬೇರಿಂಗು ಬದಲಿಸಿದರೆ 'ಹಾಫ್ ಇಂಜಿನ್'.

ಹೊಗೆಯ ಬಣ್ಣದ ಪಾಠ ಮೊದಲು ಬಂತು. ಕಪ್ಪು ಹೊಗೆ ಎಂದರೆ ಇಂಧನ ಹೆಚ್ಚು, ಗಾಳಿ ಕಮ್ಮಿ. ಇಂಜಿನ್ನು ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ ಬಂದರೆ ನೀರು ಒಳಗೆ ಸೇರುತ್ತಿರಬಹುದು. ನೀಲಿ ಎಂದರೆ ಆಯಿಲ್ ಸುಡುತ್ತಿದೆ. ಇದನ್ನು ಬಹಳ ಜನ ಬಲ್ಲರು. ಚಾಚಾ ಕೇಳಿದ್ದು ಬಣ್ಣವನ್ನಲ್ಲ, ಸಮಯವನ್ನು. "ಯಾವಾಗ ಬರ್ತದ? ಮುಂಜಾನಿ ಚಾಲೂ ಮಾಡಿದಾಗೋ, ಘಾಟ್ ಏರುವಾಗೋ, ಇಳದ ಮ್ಯಾಲೋ?"

ಮುಂಜಾನೆ ಮೊದಲ ಸಲ ಚಾಲೂ ಮಾಡಿದಾಗ ಒಂದು ಬುರುಗು, ಮತ್ತೆ ಇಳಿಜಾರು ಮುಗಿದು ಎಕ್ಸಿಲೇಟರ್ ಒತ್ತಿದಾಗ ಒಂದು ಮೋಡ ಎಂದು ಮಾಮಾ ಹೇಳಿದರು. ಏರುವಾಗ ಅಷ್ಟಿಲ್ಲ. ಕೊಂಡಾಗ ಇದು ಕಂಡಿರಲಿಲ್ಲವೇ ಎಂದು ಚಾಚಾ ಕೇಳಿದರು. ನೋಡಲು ಹೋದಾಗ ಇಂಜಿನ್ನು ಆಗಲೇ ಬಿಸಿಯಾಗಿತ್ತು, ಮಾರುವವನು "ಈಗಷ್ಟೇ ಪೆಟ್ರೋಲ್ ಹಾಕಿಸಿ ಬಂದೆ" ಎಂದಿದ್ದ ಎಂದರು ಮಾಮಾ. ಚಾಚಾ ನಕ್ಕರು. ತಣ್ಣಗಿನ ಇಂಜಿನ್ನಿನ ಮೊದಲ ಹೊಗೆಯನ್ನು ಮುಚ್ಚಿಡಲು ಮಾರುವವರು ಮಾಡುವ ಹಳೆಯ ಉಪಾಯ ಅದು. ಇನ್ನೊಂದು ಉಪಾಯ ಗಟ್ಟಿ ಆಯಿಲ್ ಹಾಕುವುದು. ಅದು ಸಂದಿಯಲ್ಲಿ ಬೇಗ ಇಳಿಯುವುದಿಲ್ಲ, ಹೊಗೆ ಕೆಲವು ವಾರ ತಡೆಯುತ್ತದೆ.

"ಹೊಗಿ ಸುಳ್ಳ್ ಹೇಳಲ್ಲ ಬೇಟಾ, ಆದ್ರ ಪೂರಾ ಖರೇನೂ ಹೇಳಲ್ಲ" ಅಂದರು ಚಾಚಾ.

ಇದೇ ಊರಿನ ಬಿದರಿ ಕುಶಲಕರ್ಮಿಗಳು ಕೋಟೆಯ ಮಣ್ಣನ್ನು ನಾಲಿಗೆಗೆ ಹಚ್ಚಿ ರುಚಿ ನೋಡಿಯೇ ಅದು ಲೋಹವನ್ನು ಕಪ್ಪಾಗಿಸುವುದೋ ಇಲ್ಲವೋ ತೀರ್ಮಾನಿಸುತ್ತಾರೆ. ಮೂಗು, ನಾಲಿಗೆ, ಕಿವಿಯ ಜ್ಞಾನಕ್ಕೆ ಬೀದರಿನಲ್ಲಿ ಮರ್ಯಾದೆಯಿದೆ. ಚಾಚಾ ಕೂಡ ಅಂಥವರೇ ಇರಬೇಕು, ಹೊಗೆ ಮೂಸಿ ತೀರ್ಪು ಕೊಡುತ್ತಾರೆ ಎಂದುಕೊಂಡಿದ್ದೆ. ಅವರು ಒಳಗೆ ಹೋಗಿ ಒಂದು ಕಂಪ್ರೆಷನ್ ಗೇಜ್ ತಂದರು.

ಕಂಪ್ರೆಷನ್ ಗೇಜಿನ ಹಿಂದೆ ಉದ್ದನೆಯ ಕತೆಯಿದೆ. ಮುಚ್ಚಿದ ಸಿಲಿಂಡರಿನೊಳಗೆ ಏನಾಗುತ್ತಿದೆ ಎಂಬುದು ಉಗಿಯಂತ್ರದ ಕಾಲದಿಂದಲೂ ಇಂಜಿನ್ನಿನವರನ್ನು ಕಾಡಿದ ಪ್ರಶ್ನೆ. ಜೇಮ್ಸ್ ವಾಟ್‌ನ ಸಹಾಯಕ ಜಾನ್ ಸದರ್ನ್ 1796ರಲ್ಲಿ ಒಂದು ಸಾಧನ ಮಾಡಿದ. ಸಿಲಿಂಡರಿನ ಒತ್ತಡ ಏರಿಳಿದಂತೆ ಒಂದು ಪೆನ್ಸಿಲ್ಲು ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ಇಂಜಿನ್ನು ತನ್ನ ಒಳಗಿನ ಸ್ಥಿತಿಯನ್ನು ತಾನೇ ಬರೆದುಕೊಡುತ್ತಿತ್ತು ಎನ್ನಬಹುದು. ವಾಟ್‌ನ ಕಂಪನಿ ಅದನ್ನು ಸುಮಾರು ಕಾಲು ಶತಮಾನ ಗುಟ್ಟಾಗಿ ಇಟ್ಟುಕೊಂಡಿತು. ಹೊರಗಿನವರಿಗೆ ಅದರ ವಿವರ ತಿಳಿದದ್ದು 1822ರಲ್ಲಿ. ಚಾಚಾಗೆ ಈ ಕತೆ ಹೇಳಿದಾಗ ಅವರಿಗೆ ಆಶ್ಚರ್ಯವಾಗಲಿಲ್ಲ. ಅವರ ಉಸ್ತಾದ್ ವಾಲ್ ಟೈಮಿಂಗ್ ಕೂಡಿಸುವಾಗ ಶಾಗಿರ್ದರನ್ನು ಚಹಾ ತರಲು ಕಳಿಸುತ್ತಿದ್ದರಂತೆ.

ಸಿಲಿಂಡರು ಮುಚ್ಚಿರುವುದು ಪಿಸ್ಟನ್ನಿನ ರಿಂಗುಗಳಿಂದ. 1850ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ರೈಲ್ವೆ ಇಂಜಿನಿಯರ್ ಜಾನ್ ರಾಮ್ಸ್‌ಬಾಟಮ್ ಒಂದು ಕಡೆ ಸೀಳಿದ ಲೋಹದ ರಿಂಗನ್ನು ರೂಢಿಗೆ ತಂದ. ಅದು ತನ್ನದೇ ಸ್ಪ್ರಿಂಗಿನ ಬಲದಿಂದ ಸಿಲಿಂಡರಿನ ಗೋಡೆಗೆ ಅಂಟಿ ನಿಲ್ಲುತ್ತದೆ. ಇಂದಿನ ಕಾರಿನಲ್ಲಿರುವುದೂ ಅದರ ವಂಶದ್ದೇ. ಇನ್ನು ಕಂಪ್ರೆಷನ್ನಿನ ಮಹತ್ವ ಬಂದದ್ದು ಆಮೇಲೆ. 1860ರ ಲೆನ್ವಾರ್ ಇಂಜಿನ್ನು ಗ್ಯಾಸನ್ನು ಒತ್ತದೆಯೇ ಉರಿಸುತ್ತಿತ್ತು, ಇಂಧನ ಬಹಳ ತಿನ್ನುತ್ತಿತ್ತು. 1876ರಲ್ಲಿ ನಿಕೊಲಾಸ್ ಆಟೊ ನಾಲ್ಕು ಹೊಡೆತದ ಇಂಜಿನ್ನು ಮಾಡಿ, ಮೊದಲು ಗಾಳಿ ಇಂಧನದ ಮಿಶ್ರಣವನ್ನು ಒತ್ತಿ ಆಮೇಲೆ ಕಿಡಿ ಕೊಟ್ಟ. ಅಂದಿನಿಂದ ಇಂಜಿನ್ನಿನ ಶಕ್ತಿಯೆಲ್ಲ ಆ ಒತ್ತುವಿಕೆಯ ಮೇಲೆ ನಿಂತಿದೆ. ಕಂಪ್ರೆಷನ್ ಹೋಯಿತು ಎಂದರೆ ಇಂಜಿನ್ನಿನ ಉಸಿರು ಹೋಯಿತು ಎಂದೇ ಲೆಕ್ಕ.

ಮೊದಲಿನ ಗ್ಯಾರೇಜಿನವರು ಕೂಡ ಗೇಜ್ ಹಾಕಿಯೇ ತೀರ್ಪು ಕೊಟ್ಟಿದ್ದರು. ಚೀಟಿ ಮಾಮಾನ ಜೇಬಿನಲ್ಲಿತ್ತು: 115, 112, 110 ಪೌಂಡ್. ಕಾರಿನ ಪುಸ್ತಕದ ಪ್ರಕಾರ 170 ಇರಬೇಕಿತ್ತು. ನನಗೂ ಇಂಜಿನ್ನು ಸತ್ತಿದೆ ಎಂದೇ ಅನಿಸಿತ್ತು. ಅಂಕಿ ಕಣ್ಣಮುಂದಿದೆ, ಇನ್ನೇನು ಬೇಕು? ಚಾಚಾ ಚೀಟಿ ನೋಡಿ ಹೇಳಿದ ಮಾತನ್ನು ನಾನು ಅವತ್ತೇ ನೋಟುಬುಕ್ಕಿನಲ್ಲಿ ಬರೆದುಕೊಂಡೆ:

"ಮೂರೂ ಒಂದೇ ಸಲ ಸಾಯಲ್ಲ. ಮೂರೂ ಒಂದೇ ಸಮ ಕಮ್ಮಿ ಬಂದ್ರ ಮೊದಲ ಇಂಜಿನ್‌ಗೆ ಕೇಳಬ್ಯಾಡ, ಗೇಜ್ ಹಿಡದವನಿಗಿ ಕೇಳು."

ಅವರು ಪರೀಕ್ಷೆ ಮಾಡಿದ ಕ್ರಮ ಹೀಗಿತ್ತು. ಇಂಜಿನ್ನನ್ನು ಹತ್ತು ನಿಮಿಷ ಓಡಿಸಿ ಬಿಸಿ ಮಾಡಿದರು. ಮೂರೂ ಸ್ಪಾರ್ಕ್ ಪ್ಲಗ್ ಬಿಚ್ಚಿದರು. ಕಿಡಿಯ ವೈರನ್ನೂ ಪೆಟ್ರೋಲಿನ ದಾರಿಯನ್ನೂ ಕಡಿದರು. ಇನ್ನೊಂದು ಗಾಡಿಯಿಂದ ಒಳ್ಳೆಯ ಬ್ಯಾಟರಿ ತಂದು ಜೋಡಿಸಿದರು, ಸೆಲ್ಫ್ ನಿಧಾನ ತಿರುಗಿದರೂ ಅಂಕಿ ಕೆಳಗಿಳಿಯುತ್ತದೆ. ಮೊದಲ ಪ್ಲಗ್ಗಿನ ತೂತಿಗೆ ಗೇಜ್ ಕೂಡಿಸಿ ಮಾಮಾಗೆ ಹೇಳಿದರು: "ಎಕ್ಸಿಲೇಟರ್ ಪೂರಾ ಒತ್ತಿ ಹಿಡೀರಿ, ಆಮ್ಯಾಲ ಸೆಲ್ಫ್ ಹೊಡೀರಿ."

ಮಾಮಾ ಅಲ್ಲೇ ನಿಂತರು. "ಅಲ್ಲಿ ನನಗ ಹಿಂಗ ಒತ್ತು ಅಂತ ಯಾರೂ ಹೇಳಿಲ್ಲ" ಅಂದರು.

ಅದೇ ಗುಟ್ಟು. ಎಕ್ಸಿಲೇಟರ್ ಒತ್ತದಿದ್ದರೆ ಗಾಳಿಯ ಬಾಗಿಲು ಮುಚ್ಚಿರುತ್ತದೆ. ಸಿಲಿಂಡರಿಗೆ ಹೋಗುವ ಗಾಳಿಯೇ ಅರೆಬರೆ, ಒತ್ತಲು ಒಳಗೆ ಏನೂ ಇಲ್ಲ. ಇಂಜಿನ್ನು ಗಟ್ಟಿಯಿದ್ದರೂ ಅಂಕಿ ಕಮ್ಮಿಯೇ ಬರುತ್ತದೆ, ಮತ್ತು ಎಲ್ಲ ಸಿಲಿಂಡರಿನಲ್ಲೂ ಒಂದೇ ಸಮ ಕಮ್ಮಿ ಬರುತ್ತದೆ. ಬಾಗಿಲು ತೆರೆದು, ಪ್ರತಿ ಸಿಲಿಂಡರಿಗೂ ಐದಾರು ಸುತ್ತು ತಿರುಗಿಸಿದಾಗ ಬಂದದ್ದು 154, 152, 148.

ಆದರೂ 170 ಆಗಲಿಲ್ಲವಲ್ಲ ಎಂದೆ. "ನಮ್ಮ ಊರಾಗ ಇಷ್ಟೇ ಬರ್ತದ. ಹೊಸಾ ಗಾಡಿಗೂ ಪುಸ್ತಕದಾಗಿಂದು ಬರಲ್ಲ" ಅಂದರು. ಕಾರಣ ಅವರಿಗೆ ಬೇಕಿರಲಿಲ್ಲ, ನಲವತ್ತು ವರ್ಷದ ಅಂಕಿ ತಲೆಯಲ್ಲಿತ್ತು. ಕಾರಣ ನಾನು ಮನೆಗೆ ಬಂದು ಲೆಕ್ಕ ಹಾಕಿದೆ. ಬೀದರ್ ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗಿಂತ ಹೆಚ್ಚು ಎತ್ತರದಲ್ಲಿದೆ. ಪ್ರತಿ ಸಾವಿರ ಅಡಿಗೆ ಗೇಜಿನ ಅಂಕಿ ಶೇಕಡಾ 3ರಷ್ಟು ಇಳಿಯುತ್ತದೆ, ಗಾಳಿಯೇ ತೆಳುವಾಗಿರುತ್ತದೆ. ಸಮುದ್ರದ ದಂಡೆಯಲ್ಲಿ 170 ತೋರಿಸುವ ಹೊಸ ಇಂಜಿನ್ನು ಬೀದರಿನಲ್ಲಿ ತೋರಿಸುವುದು 158ರ ಆಸುಪಾಸು. ಆ ಲೆಕ್ಕದಲ್ಲಿ ಮಾಮಾನ ಇಂಜಿನ್ನಿಗೆ ವಯಸ್ಸಿಗೆ ತಕ್ಕ ಸವೆತವಿದೆ, ಅಷ್ಟೇ.

ಎಲ್ಲ ಸಿಲಿಂಡರುಗಳೂ ಒಟ್ಟಿಗೆ ಸವೆದಿರುವ ಸಾಧ್ಯತೆ ಆಗಲೂ ಉಳಿದಿತ್ತು. ಅದಕ್ಕೆ ಚಾಚಾ ಎರಡನೇ ಪರೀಕ್ಷೆ ಮಾಡಿದರು. ಪ್ಲಗ್ಗಿನ ತೂತಿನಿಂದ ಒಂದು ಚಮಚೆ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಗೇಜ್ ಹಾಕುವುದು. ಆಯಿಲ್ ಹೋಗಿ ರಿಂಗಿನ ಸಂದಿಯನ್ನು ಕೆಲವು ಕ್ಷಣ ಮುಚ್ಚುತ್ತದೆ. ಅಂಕಿ ದೊಡ್ಡದಾಗಿ ಏರಿದರೆ ಸೋರುತ್ತಿದ್ದದ್ದು ರಿಂಗು. ಮೊದಲೇ ಕಮ್ಮಿಯಿದ್ದ ಅಂಕಿ ಏರದಿದ್ದರೆ ಸೋರಿಕೆ ಮೇಲಿನ ವಾಲ್‌ಗಳಲ್ಲಿ. ಪಕ್ಕಪಕ್ಕದ ಎರಡು ಸಿಲಿಂಡರು ಮಾತ್ರ ಕಮ್ಮಿಯಿದ್ದು ಆಯಿಲ್‌ಗೂ ಏರದಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಒಡೆದಿರಬಹುದು. ಡೀಸೆಲ್ ಇಂಜಿನ್ನಿಗೆ ಮಾತ್ರ ಹೀಗೆ ಆಯಿಲ್ ಹಾಕಬಾರದು, ಅಲ್ಲಿ ಒತ್ತಡದ ಕಾವಿಗೇ ಆಯಿಲ್ ಹೊತ್ತಿಕೊಳ್ಳಬಹುದು ಎಂದು ಎಚ್ಚರಿಸಿದರು. ಮಾಮಾನ ಕಾರಿನಲ್ಲಿ ಅಂಕಿ ಏರಿದ್ದು ಐದಾರು ಪೌಂಡ್ ಮಾತ್ರ.

ಹಾಗಿದ್ದರೆ ಆಯಿಲ್ ಎಲ್ಲಿಂದ ಸುಡುತ್ತಿದೆ? ಚಾಚಾ ಮೊದಲು ಕೇಳಿದ ಪ್ರಶ್ನೆಗೆ ನಾವು ಮರಳಿದೆವು. ಇಳಿಜಾರಿನಲ್ಲಿ ಕಾಲು ತೆಗೆದಾಗ ಗಾಳಿಯ ಬಾಗಿಲು ಮುಚ್ಚುತ್ತದೆ, ಇಂಜಿನ್ನು ಮಾತ್ರ ಜೋರಾಗಿ ತಿರುಗುತ್ತಲೇ ಇರುತ್ತದೆ. ಬಾಯಿ ಮುಚ್ಚಿ ಉಸಿರೆಳೆದಂತೆ ಅದು ವಾಲ್‌ಗಳ ದಂಡದ ಸುತ್ತಲಿನ ಸಂದಿಯಿಂದ ಆಯಿಲ್ ಎಳೆದುಕೊಳ್ಳುತ್ತದೆ. ಮತ್ತೆ ಕಾಲಿಟ್ಟಾಗ ಆ ಆಯಿಲ್ಲೆಲ್ಲ ಸುಟ್ಟು ಮೋಡವಾಗುತ್ತದೆ. ರಾತ್ರಿಯಿಡೀ ಅದೇ ಸಂದಿಯಿಂದ ತೊಟ್ಟಿಕ್ಕಿದ್ದು ಮುಂಜಾನೆಯ ಬುರುಗು. ಆ ಸಂದಿಯನ್ನು ಕಾಯುವುದು ಬೆರಳ ತುದಿಯಷ್ಟು ದೊಡ್ಡ ರಬ್ಬರಿನ ಸೀಲುಗಳು. ವರ್ಷಗಳ ಕಾವಿಗೆ ಅವು ಕಲ್ಲಾಗಿದ್ದವು. ಆಯಿಲ್ ಒರೆಸುವ ಕೆಳಗಿನ ರಿಂಗು ಕೆಟ್ಟಿದ್ದರೆ ಗೇಜಿಗೆ ಅದು ಕಾಣಿಸುವುದಿಲ್ಲ ಎಂಬುದನ್ನೂ ಚಾಚಾ ಮುಚ್ಚಿಡಲಿಲ್ಲ. "ಸೀಲ್ ಹಾಕಿ ನೋಡಮ್. ಒಂದು ಸಾವಿರ ಕಿಲೋಮೀಟರ್ ಲೆಕ್ಕ ಇಡ್ರಿ. ಆಮ್ಯಾಲ ಮಾತಾಡಮ್."

ಆ ಲೆಕ್ಕ ಇಡುವ ಕೆಲಸ ನನಗೆ ಬಂತು. ಪ್ರತಿ ಸಲ ಒಂದೇ ಸಮತಟ್ಟು ಜಾಗದಲ್ಲಿ, ಇಂಜಿನ್ನು ತಣ್ಣಗಾದ ಮೇಲೆ, ಡಿಪ್‌ಸ್ಟಿಕ್ ನೋಡಿ ಬರೆಯುವುದು. ಸೀಲು ಹಾಕುವ ಮುಂಚೆ ಬೀದರಿಗೆ ಹತ್ತು ಸಲ ಹೋಗಿ ಬರುವಷ್ಟರಲ್ಲಿ ಒಂದು ಲೀಟರ್ ಖರ್ಚಾಗುತ್ತಿತ್ತು.

ಈ ಡಿಪ್‌ಸ್ಟಿಕ್ಕಿನ ಪುಸ್ತಕ ನೋಡಿಯೇ ಭಾಲ್ಕಿಯ ಒಬ್ಬ ನಿವೃತ್ತ ಬಸ್ ಡ್ರೈವರು ನನ್ನ ಸಂಶೋಧನೆಯನ್ನು ಇದ್ದಲ್ಲಿಂದ ಸರಿಸಿದರು. ಹಳೆಯ ಮಿಸ್ತ್ರಿಗಳ ನೆನಪು ಕೇಳಲು ನಾನು ಅವರ ಮನೆಗೆ ಹೋಗಿದ್ದೆ. ಅವರು ನನ್ನ ಪುಸ್ತಕ ತಿರುವಿ, "ಇದೇ ಲೆಕ್ಕ ಡಿಪೋದಾಗ ದಿನಾ ಬರೀತಿದ್ರಲ್ಲ. ಯಾವ ಗಾಡಿ, ಎಷ್ಟು ಕಿಲೋಮೀಟರ್, ಡೀಸೆಲ್ ಎಷ್ಟು, ಆಯಿಲ್ ಎಷ್ಟು" ಅಂದರು. ಆಯಿಲ್ ಹೆಚ್ಚು ಕುಡಿದ ಗಾಡಿಯನ್ನು ಪಾಳಿಯಿಂದ ಇಳಿಸಿ ಮಿಸ್ತ್ರಿಯ ಕೈಗೆ ಕೊಡುತ್ತಿದ್ದರು. ಮಿಸ್ತ್ರಿಯ ಹೆಸರು ಯಾರೂ ಬರೆಯಲಿಲ್ಲ. ಆದರೆ ಅವನು ಕೈ ಹಚ್ಚಿದ ಗಾಡಿಯ ಆಯಿಲ್ ಮರುತಿಂಗಳು ಇಳಿದಿದ್ದರೆ ಆ ಇಳಿತವೇ ಅವನ ಸಹಿ.

ನಾನು ಎರಡು ವರ್ಷ ಹೆಸರು ಹುಡುಕಿದ್ದೆ. ಎಲ್ಲ ಕಡತಗಳೂ ಒಂದೇ ಸಮ ಇಲ್ಲ ಎಂದಿದ್ದವು. ಚಾಚಾನ ಮಾತಿನ ಪ್ರಕಾರ ನಾನು ಅಲ್ಲಿಯೇ ನನ್ನನ್ನು ಅನುಮಾನಿಸಬೇಕಿತ್ತು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲ್ ಪಡಿತರಕ್ಕೆ ಬಂದಾಗ ಇಂಡಿಯಾದ ಬಹಳ ಕಡೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡಿದವು. ಅದರ ಬೂದಿ, ಟಾರು ಸಿಲಿಂಡರಿಗೆ ಇಳಿದು ರಿಂಗು ಸವೆಸುತ್ತಿತ್ತು. ಆ ವರ್ಷಗಳಲ್ಲಿ ಇಂಜಿನ್ನುಗಳನ್ನು ಬದುಕಿಸಿದವರ ಶ್ರಮ ಎಲ್ಲಾದರೂ ಉಳಿದಿದ್ದರೆ ಅದು ಆಯಿಲ್, ಬಿಡಿಭಾಗ, ರಿಪೇರಿಯ ಖರ್ಚಿನ ಕಾಲಮ್ಮುಗಳಲ್ಲಿ ಇರಬೇಕು. ಆ ಕಾಲಮ್ಮುಗಳನ್ನು ನಾನು ನೀರಸವೆಂದು ಹಾರಿಸಿ ಓದಿದ್ದೆ.

ಇನ್ನೊಂದು ಸಂಗತಿಯನ್ನೂ ಭಾಲ್ಕಿಯಲ್ಲೇ ಗಮನಿಸಿದೆ. ಸೀಲು ಬೀದರಿನಲ್ಲಿ ಸಿಗದಾಗ ಚಾಚಾ ಫೋನ್ ಮಾಡಿದ್ದು ಹೈದರಾಬಾದಿಗೆ. ಭಾಲ್ಕಿಯವರು ಬೋರಿಂಗ್ ಕೆಲಸಕ್ಕೆ ಉದಗೀರದ ಲೇತ್ ನೆನೆಯುತ್ತಾರೆ. ಏಳುನೂರು ಕಿಲೋಮೀಟರ್ ದೂರದ ಬೆಂಗಳೂರಿನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಜಿಲ್ಲೆಯನ್ನು 1956ರಲ್ಲಿ ಮೂರು ಪಾಲು ಮಾಡಿದರೂ ಪಿಸ್ಟನ್ನು, ರಿಂಗುಗಳು ಓಡಾಡುವ ದಾರಿ ಹಳೆಯದೇ ಉಳಿದಿದೆ.

ಸೀಲು ಬದಲಿಸಲು ಕೂಲಿ ಸೇರಿ ನಾಲ್ಕು ಸಾವಿರದೊಳಗೆ ಮುಗಿಯಿತು. ಮುಂದಿನ ಒಂದು ಸಾವಿರ ಕಿಲೋಮೀಟರಿಗೆ ಕಾರು ಕುಡಿದ ಆಯಿಲ್ ಕಾಲು ಲೀಟರಿಗಿಂತ ಸ್ವಲ್ಪ ಕಮ್ಮಿ. ಪೂರ್ತಿ ನಿಂತಿಲ್ಲ. ಹಳೆಯ ಇಂಜಿನ್ನು, ನಿಲ್ಲುವುದೂ ಇಲ್ಲ ಎಂದಿದ್ದಾರೆ ಚಾಚಾ. ಅವರ ಇಬ್ಬರು ಮಕ್ಕಳೂ ಈ ಕೆಲಸಕ್ಕೆ ಬಂದಿಲ್ಲ. ಈಗಿನ ಹುಡುಗರು ಕಾರಿಗೆ ಕಂಪ್ಯೂಟರ್ ಹಚ್ಚಿ ರೋಗ ಓದುತ್ತಾರೆ. ಅದೂ ಒಂದು ಗೇಜೇ, ಅದಕ್ಕೂ ಸರಿಯಾದ ಪ್ರಶ್ನೆ ಕೇಳುವವರು ಬೇಕು. ಚಾಚಾನ ಮಾತುಗಳನ್ನು ನಾನು ಈಗ ಪ್ರತಿ ಶುಕ್ರವಾರ ಮಧ್ಯಾಹ್ನ, ಗ್ಯಾರೇಜು ಮುಚ್ಚಿದ ಮೇಲೆ, ರೆಕಾರ್ಡ್ ಮಾಡಿಕೊಳ್ಳುತ್ತಿದ್ದೇನೆ.

ಮಿಸ್ತ್ರಿಗಳ ಮೌನದ ಬಗ್ಗೆ ಬರೆದಿದ್ದ ಅಧ್ಯಾಯವನ್ನು ತೆಗೆದುಹಾಕಿದೆ. ಮುಂದಿನ ತಿಂಗಳು ಮತ್ತೆ ಹೈದರಾಬಾದಿಗೆ ಹೋಗಿ ಅದೇ ಕಡತಗಳನ್ನು ಮೊದಲಿನಿಂದ ನೋಡಬೇಕು. ಕಳೆದ ವಾರ ಆಯಿಯನ್ನು ಕರೆತರುವಾಗ ಅದೇ ಇಳಿಜಾರು ಇಳಿದು ಮಾಮಾ ಎಕ್ಸಿಲೇಟರ್ ಒತ್ತಿದರು. ನಾನು ಹಿಂದೆ ತಿರುಗಿ ನೋಡಿದೆ. ರಸ್ತೆ ಕೌಠಾದವರೆಗೂ ಸ್ವಚ್ಛವಾಗಿ ಕಾಣುತ್ತಿತ್ತು.